ಕೀಲಿಮಣೆಯೂ ಒಂದು ಲೋಟ ಕಾಫಿಯೂ

ಪುಸ್ತಕಕ್ಕೆ ವಿಮರ್ಶೆ ಬರೆಯುವವರಿದ್ದಾರೆ, ನಾಟಕಕ್ಕೆ ಬರೆಯುವವರಿದ್ದಾರೆ, ಸಿನಿಮಾಕ್ಕಂತೂ ನೋಡಿದವರೆಲ್ಲ ವಿಮರ್ಶಕರೇ. ದಿನಾ ಕೈಯಲ್ಲಿ ಹಿಡಿಯುವ ವಸ್ತುಗಳಿಗೆ ಮಾತ್ರ ವಿಮರ್ಶಕರಿಲ್ಲ. ಹಿಡಿ ಕಾದು ಕೈ ಸುಡುವ ಬಾಣಲೆಯನ್ನಾಗಲಿ, ಮೂತಿ ಸರಿಯಿಲ್ಲದೆ ಅರ್ಧ ಹಾಲನ್ನು ಕಟ್ಟೆಗೆ ಸುರಿಸುವ ಪಾತ್ರೆಯನ್ನಾಗಲಿ ನಾವು ಬೈಯುವುದಿಲ್ಲ. ನಮ್ಮ ಕೈಯನ್ನೇ ಬೈದುಕೊಳ್ಳುತ್ತೇವೆ. ಕೃತಿಯ ಗುಣವನ್ನು ಮೊದಲು ಹೇಳಿ, ದೋಷವನ್ನು ಆಮೇಲೆ ಹೇಳಬೇಕೆಂದು ವರ್ಷಾನುಗಟ್ಟಲೆ ಮಕ್ಕಳಿಗೆ ಕಲಿಸಿದವಳು ನಾನು. ಅದೇ ಕ್ರಮದಲ್ಲಿ ಇಲ್ಲಿ ಕಂಪ್ಯೂಟರಿನ ಕೀಲಿಮಣೆಯ ವಿಚಾರಕ್ಕೆ ಕೈ ಹಾಕಿದ್ದೇನೆ. ಅದಕ್ಕೊಂದು ಕಾರಣವೂ ಇದೆ. ಅದರ ಮೇಲೆ ಚೆಲ್ಲಿದ ಒಂದು ಲೋಟ ಕಾಫಿಯ ಋಣ ನನ್ನ ತಲೆಯ ಮೇಲಿದೆ.

ಗುಣಗಳೇನೋ ಇವೆ. ಹಗುರ, ಅಗ್ಗ, ಸದ್ದಿಲ್ಲ. 1989ರಲ್ಲಿ ನಾನು ಜೂನಿಯರ್ ಗ್ರೇಡ್ ಟೈಪಿಂಗ್ ಕಲಿಯಲು ಹೋಗುತ್ತಿದ್ದಾಗ ಬೆರಳಿನ ಗೆಣ್ಣು ನೋಯುವಷ್ಟು ಕುಟ್ಟಬೇಕಾಗಿತ್ತು. ಈಗ ಮುಟ್ಟಿದರೆ ಸಾಕು. ಆದರೆ ಆ ಹಳೆಯ ಟೈಪ್‌ರೈಟರಿಗೆ ಒಂದು ಕ್ಷಮಾಗುಣವಿತ್ತು. ಅದರ ಕೀಲಿಗಳ ಕೆಳಗೆ ಕಬ್ಬಿಣದ ಸನ್ನೆಕೋಲುಗಳು, ಅವುಗಳ ನಡುವೆ ಬರೀ ಬಯಲು. ಒಮ್ಮೆ ನಮ್ಮ ಮಾಸ್ತರರ ಕಾಫಿಯೇ ಅದರ ಮೇಲೆ ಚೆಲ್ಲಿತ್ತು. ಕಾಫಿ ಸಂದಿಯಿಂದ ಇಳಿದು ಮೇಜಿಗೆ ಬಂತು. ಅವರು ಬಟ್ಟೆಯಲ್ಲಿ ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು, "ಹೂಂ, ಹೊಡೀರಿ" ಎಂದರು. ಅಷ್ಟೇ.

ಈಗ ದೋಷಕ್ಕೆ ಬರುತ್ತೇನೆ.

2013ರಲ್ಲಿ ನಾನಿದ್ದ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಒಬ್ಬ ಹುಡುಗಿಯನ್ನು ತಿಂಗಳಿಗೆ 3,000 ರೂಪಾಯಿಗೆ ಇಟ್ಟುಕೊಂಡಿದ್ದರು. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಬಿಸಿಯೂಟದ ಲೆಕ್ಕ ಎಲ್ಲವೂ ಅವಳ ಪಾಲಿಗೆ. ಇದ್ದದ್ದು ಕಚೇರಿಯ ಒಂದೇ ಯಂತ್ರ. ಬೆಳಗ್ಗೆಯೆಲ್ಲ ಗುಮಾಸ್ತರು ಕೂತಿರುತ್ತಿದ್ದರು. ಅದು ಅವಳ ಕೈಗೆ ಸಿಗುತ್ತಿದ್ದದ್ದು ಅವರು ಊಟಕ್ಕೆ ಎದ್ದ ಮೇಲೆ. ಅಂದರೆ ಅವಳ ಊಟದ ಹೊತ್ತಿಗೇ. ಗೋಡೆಯ ಮೇಲೆ "ಕಂಪ್ಯೂಟರ್ ಬಳಿ ತಿಂಡಿ ತೀರ್ಥ ನಿಷೇಧಿಸಿದೆ" ಎಂಬ ಫಲಕ ಬೇರೆ. ಅನ್ನ ಬಿಟ್ಟು ಕೂತಿದ್ದಾಳಲ್ಲ ಎಂದು ಒಂದು ಮಧ್ಯಾಹ್ನ ನನ್ನ ಫ್ಲಾಸ್ಕಿನ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಅವಳ ಎಡಗಡೆ ಇಟ್ಟೆ. ನನ್ನದೇ ಅರ್ಧವಾರ್ಷಿಕ ಪ್ರಶ್ನೆಪತ್ರಿಕೆ ಟೈಪಾಗುತ್ತಿತ್ತು. ತಪ್ಪು ತೋರಿಸಲು ಬಗ್ಗಿದೆ, ಸೆರಗು ಲೋಟಕ್ಕೆ ತಾಗಿತು.

ಅವಳು ಚುರುಕು. ತಕ್ಷಣ ವೈರು ಕಿತ್ತು, ಕೀಲಿಮಣೆಯನ್ನು ಬೋರಲು ಹಾಕಿದಳು. ಸಂಜೆ ಮತ್ತೆ ಜೋಡಿಸಿದಾಗ ಎಡಗೈ ತೋರುಬೆರಳಿನ ಕೆಳಗಿರುವ ಎಫ್ ಕೀಲಿ ಸತ್ತಿತ್ತು. ನುಡಿಯಲ್ಲಿ ಟೈಪು ಮಾಡುವವರಿಗೆ ಇದರ ಅರ್ಥ ಗೊತ್ತು. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸದಲ್ಲಿ ಒಂದಕ್ಷರಕ್ಕೆ ಇನ್ನೊಂದಕ್ಷರವನ್ನು ಒತ್ತಾಗಿ ಕೂಡಿಸುವುದು ಎಫ್ ಕೀಲಿಯೇ. ಅದು ಹೋದರೆ ಒತ್ತಕ್ಷರಗಳೆಲ್ಲ ಹೋದವು. "ಅಮ್ಮ" ಎಂದು ಹೊಡೆದರೆ "ಅಮಮ" ಎಂದು ಬರುತ್ತಿತ್ತು, "ಪ್ರಶ್ನೆ" ಹೋಗಿ "ಪರಶನೆ" ಆಗಿತ್ತು. "ಕನ್ನಡ" ಎಂಬುದು "ಕನನಡ". ನಗು ಬಂದಿತ್ತು ನಿಜ. ಆದರೆ ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು.

"ಏನಮ್ಮ ಇದು?" ಎಂದು ಅವರು ಕೇಳಿದ್ದು ಅವಳನ್ನು. ನನ್ನ ಕಡೆ ಅವರು ನೋಡಲೂ ಇಲ್ಲ. "ಕಾಫಿ ಬಿತ್ತು ಸಾರ್" ಎಂದಳು. ಯಾರಿಂದ ಎಂದು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ, ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ. ಆ ತಿಂಗಳು ಅವಳ ಸಂಬಳದಲ್ಲಿ 350 ರೂಪಾಯಿ ಮುರಿದುಕೊಂಡರು. ವೋಚರಿನಲ್ಲಿ ಕಾರಣ: "ಅಜಾಗರೂಕತೆ".

ಈ ಪದವನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲಿಟ್ಟುಕೊಂಡು ತಿರುಗಿದೆ. ಕೆಟ್ಟ ಕೀಲಿಮಣೆಯನ್ನು ಗುಜರಿಗೆ ಹಾಕುವಾಗ ಕೇಳಿ ಮನೆಗೆ ತಂದು, ಒಂದು ಭಾನುವಾರ ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಅಂಥ ಘನಂದಾರಿ ಯಂತ್ರವೇನೂ ಇಲ್ಲ. ನೋಟ್‌ಬುಕ್ಕಿಗೆ ಹಾಕುವ ಪ್ಲಾಸ್ಟಿಕ್ ಹೊದಿಕೆಯಂಥ ಮೂರು ತೆಳು ಹಾಳೆಗಳು. ಮೇಲಿನದರಲ್ಲೂ ಕೆಳಗಿನದರಲ್ಲೂ ವಿದ್ಯುತ್ ಹರಿಯುವ ಶಾಯಿಯ ಗೆರೆಗಳು, ನಡುವಿನದರಲ್ಲಿ ಪ್ರತಿ ಕೀಲಿಗೊಂದು ತೂತು. ಕೀಲಿ ಒತ್ತಿದರೆ ರಬ್ಬರಿನ ಪುಟ್ಟ ಗುಮ್ಮಟ ಬಗ್ಗಿ, ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಇಷ್ಟೇ ವಿದ್ಯೆ. ದ್ರವ ಈ ಹಾಳೆಗಳ ನಡುವೆ ಸೇರಿದರೆ ಎರಡು ಗಾಜಿನ ಚೂರಿನ ನಡುವೆ ಸಿಕ್ಕ ನೀರಿನಂತೆ ತಾನಾಗಿಯೇ ಹರಡಿಕೊಳ್ಳುತ್ತದೆ, ಹೊರಗೆ ಬರಲು ದಾರಿಯಿಲ್ಲ. ಬರೀ ನೀರಾದರೆ ಎಂದೋ ಆರೀತು. ನಮ್ಮ ಕಾಫಿಯ ನೀರು ಆರಿದರೂ ಹಾಲು ಸಕ್ಕರೆ ಅಲ್ಲೇ ಅಂಟಿರುತ್ತವೆ. ಉಪ್ಪು ಹುಳಿ ಇರುವ ಸಾರಾದರೆ ಗೆರೆಗಳನ್ನೇ ತಿಂದುಹಾಕುತ್ತದೆ. ಪ್ರತಿ ಕೀಲಿಗೂ ಬೇರೆ ಬೇರೆ ಗೆರೆಯೂ ಇಲ್ಲ. ರಂಗೋಲಿಯ ಎಳೆಯಂತೆ ಒಂದೇ ಗೆರೆ ಹಲವು ಕೀಲಿಗಳನ್ನು ಹಾದುಹೋಗುತ್ತದೆ. ಇಲ್ಲಿ ಕೆಟ್ಟರೆ ಅಲ್ಲೆಲ್ಲೋ ಇರುವ ಕೀಲಿಯೂ ಮೂಕವಾಗಬಹುದು.

ಬಿಚ್ಚಿದ್ದನ್ನು ಮುಂದಿಟ್ಟುಕೊಂಡು ಕೂತಾಗ ನನಗೆ ಅನ್ನಿಸಿದ್ದು ಇದು. ಕಾಫಿ ಲೋಟದ ಪಕ್ಕದಲ್ಲೇ ಬದುಕಬೇಕಾದ ವಸ್ತುವಿಗೆ ಮೈತುಂಬ ಸಂದಿ ಕೊಟ್ಟು, ಬಚ್ಚಲಿಗೆ ಇರುವಂಥ ಒಂದು ತೂಬನ್ನೂ ಇಡದವರು ಯಾರು? ಅವರಿಗೆ ಅಜಾಗರೂಕತೆಯ ವೋಚರು ಇಲ್ಲವೆ? ವಿದ್ಯೆ ಗೊತ್ತಿಲ್ಲ ಎನ್ನುವಂತಿಲ್ಲ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ ಚೆಲ್ಲಿದ್ದು ಕೆಳಗಿಳಿದು ಹೋಗಲು ಕಾಲುವೆಯನ್ನೂ ತೂತನ್ನೂ ಮಾಡಿದ್ದಾರೆ. 2012ರಲ್ಲಿ ಲಾಜಿಟೆಕ್ ಕಂಪೆನಿ ನೀರಿನಲ್ಲೇ ತೊಳೆಯಬಹುದಾದ ಕೀಲಿಮಣೆಯನ್ನು ಮಾರಿತು. ಅಂಥದ್ದು ನಮ್ಮ ಶಾಲೆಯ 350 ರೂಪಾಯಿಯ ಮಣೆಗೆ ಮಾತ್ರ ಬರಲಿಲ್ಲ. ಹೆಚ್ಚು ಕೊಟ್ಟವರಿಗೆ ಕ್ಷಮೆ, ಕಡಿಮೆ ಕೊಟ್ಟವರಿಗೆ ದಂಡ.

ಹೆಚ್ಚು ಕೊಟ್ಟವರೂ ಎಲ್ಲ ಕಡೆ ಗೆಲ್ಲಲಿಲ್ಲವೆನ್ನಿ. 2015ರಲ್ಲಿ ಆಪಲ್ ಕಂಪೆನಿ ಲ್ಯಾಪ್‌ಟಾಪನ್ನು ಇನ್ನಷ್ಟು ತೆಳ್ಳಗೆ ಮಾಡಲು ಚಿಟ್ಟೆಯ ರೆಕ್ಕೆಯಂಥ ಹೊಸ ಕೀಲಿ ತಂದಿತು. ನೋಡಲು ಚೆಂದ, ಒಂದು ಚೂರು ಧೂಳೋ ತಿಂಡಿಯ ಪುಡಿಯೋ ಸೇರಿದರೆ ಕೀಲಿ ಸಿಕ್ಕಿಕೊಂಡು ಕೂರುತ್ತಿತ್ತು. ಜನ ಸುಮ್ಮನಿರಲಿಲ್ಲ. 2018ರಲ್ಲಿ ಕಂಪೆನಿಯೇ ಉಚಿತ ರಿಪೇರಿ ಘೋಷಿಸಿತು, ಆಮೇಲೆ ಆ ವಿನ್ಯಾಸವನ್ನೇ ಕೈಬಿಟ್ಟಿತು, 2022ರಲ್ಲಿ ಅಮೆರಿಕದ ಮೊಕದ್ದಮೆಯನ್ನು ಮುಗಿಸಿಕೊಳ್ಳಲು 5 ಕೋಟಿ ಡಾಲರ್ ಕೊಡಲು ಒಪ್ಪಿತು. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬ್ರೆಡ್ಡಿನ ಪುಡಿ ಉದುರಿಸಿದವರ ಕೈಯನ್ನು ಬಿಟ್ಟು, ಕೀಲಿ ಮಾಡಿದವರ ಕೈಯನ್ನು ಹಿಡಿದು ಕೇಳಿದ ಪ್ರಸಂಗ ಒಂದಾದರೂ ಸಿಕ್ಕಿತಲ್ಲ!

ನಮ್ಮ ಮನೆಯಲ್ಲೂ ಒಮ್ಮೆ ಹೀಗಾಯಿತು. 2020ರಲ್ಲಿ ಮಗಳು ಮನೆಯಿಂದಲೇ ಕೆಲಸ ಮಾಡುತ್ತಾ ಊಟದ ಮೇಜನ್ನೇ ಕಚೇರಿ ಮಾಡಿಕೊಂಡಿದ್ದಳು. ಒಂದು ಕೈಯಲ್ಲಿ ಮೊಸರನ್ನ, ಒಂದು ಕೈಯಲ್ಲಿ ಕೆಲಸ. ಮಜ್ಜಿಗೆ ಲೋಟ ಉರುಳಿತು. ಲ್ಯಾಪ್‌ಟಾಪಿನಲ್ಲಿ ಕೀಲಿಗಳ ಅಡಿಯಲ್ಲೇ ಯಂತ್ರದ ಜೀವವೆಲ್ಲ ಇರುವುದರಿಂದ ಹೊಡೆತ ದೊಡ್ಡದು. ವಾರಂಟಿ ಇನ್ನೂ ಇತ್ತು. ಆದರೆ ಒಳಗೆ ನೀರು ತಾಗಿದರೆ ಕೆಂಪಾಗುವ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರಂತೆ, ಅದು ಕೆಂಪಾಗಿತ್ತು. ಎಂಥ ಜಾಣತನ ನೋಡಿ, ನೀರು ಬಂದದ್ದನ್ನು ಹಿಡಿಯಲು ಚೀಟಿ ಅಂಟಿಸುವ ಬುದ್ಧಿ ಇತ್ತು! ಬೀಗಿತ್ತಿಯೊಬ್ಬರು ಅಕ್ಕಿ ಡಬ್ಬದಲ್ಲಿ ಹೂತಿಡಿ ಎಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಒದ್ದೆ ಫೋನನ್ನು ಅಕ್ಕಿಯಲ್ಲಿಟ್ಟರೆ ಅಕ್ಕಿಯ ಸಣ್ಣ ಕಣಗಳೇ ಹಾನಿ ಮಾಡಬಹುದೆಂದು 2024ರಲ್ಲಿ ಆಪಲ್ ಕಂಪೆನಿಯೂ ಎಚ್ಚರಿಸಿತು. ಮೊದಲು ಚಾರ್ಜರ್ ಕಿತ್ತು, ಯಂತ್ರ ಆರಿಸಿ, ಗುಡಾರದಂತೆ ಬೋರಲು ನಿಲ್ಲಿಸಿ, ಮತ್ತೆ ಹಚ್ಚಿ ನೋಡುವ ಆಸೆಯನ್ನು ತಡೆದುಕೊಂಡು ರಿಪೇರಿಯವರ ಹತ್ತಿರ ಒಯ್ಯುವುದು, ಅಷ್ಟೇ ನಮ್ಮ ಕೈಯಲ್ಲಿರುವುದು. ನನಗೆ ನೆನಪಾದದ್ದು, ಆ ಹುಡುಗಿ ಯಾರೂ ಹೇಳಿಕೊಡದೆ ಅದನ್ನೇ ಮಾಡಿದ್ದಳು. ಅಜಾಗರೂಕಳಂತೆ!

ಹೋದ ವರ್ಷ ಅವಳು ಗೃಹಪ್ರವೇಶಕ್ಕೆ ಕರೆಯಲು ಕುಂಕುಮ ಹಿಡಿದು ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟೆ. ಲೋಟ ಅವಳ ಕೈಗೆ ದಾಟುವಾಗ ಇನ್ನು ತಡೆಯಲಾಗಲಿಲ್ಲ. "ಅವತ್ತು ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿದ್ದು ನಾನು ಕಣಮ್ಮ" ಎಂದೆ.

"ನಂಗೊತ್ತಲ್ಲ ಮೇಡಂ, ನಿಮ್ಮ ಸೆರಗು ತಾಗಿದ್ದು ನೋಡಿದ್ದೆ" ಎಂದಳು. ಒಂದು ಗುಟುಕು ಕುಡಿದು, "ಸಾರ್ ಮುಂದೆ ನೀವೇ ಹೇಳ್ತೀರೇನೋ ಅಂತ ನೋಡ್ತಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಒಳಗೆ ಹೋಗಿ 350 ರೂಪಾಯಿ ಎಣಿಸಿ ತಂದೆ. ಬೇಡ ಮೇಡಂ ಎನ್ನುತ್ತಾಳೆಂದು ಎಲ್ಲೋ ಅಂದುಕೊಂಡಿದ್ದೆ. ಅವಳು ಲೋಟವನ್ನು ಪಕ್ಕಕ್ಕಿಟ್ಟು, ನೋಟುಗಳನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು.