ನಂಜುಂಡಪ್ಪ ವರದಿಯಲ್ಲಿ ತರುಣರ ಲೆಕ್ಕ

ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಚರ್ಚೆಗೆ ಭದ್ರವಾದ ತಳಹದಿಯನ್ನು ಹಾಕಿದ ಕೀರ್ತಿ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಗೆ ಸಲ್ಲತಕ್ಕದ್ದು. 2002ರ ತನ್ನ ವರದಿಯಲ್ಲಿ ಅದು 35 ಸೂಚಕಗಳಿಂದ ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆಯೆಂದು ನಿರ್ಣಯಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಕಲಬುರಗಿ ವಿಭಾಗಕ್ಕೇ ಸೇರಿದವು. ಜಿಲ್ಲೆಯ ಸರಾಸರಿಯಲ್ಲಿ ಮರೆಯಾಗುತ್ತಿದ್ದ ಬಡತನವನ್ನು ತಾಲ್ಲೂಕಿನ ಮಟ್ಟದಲ್ಲಿ ಎತ್ತಿ ತೋರಿಸಿದುದೇ ಈ ವರದಿಯ ಹಿರಿಮೆ.

ಆದರೆ ಅಳತೆಗೋಲಿಗೆ ಸಿಕ್ಕದುದು ಆಡಳಿತದ ಕಣ್ಣಿಗೂ ಬೀಳುವುದು ವಿರಳ. ವಿದ್ಯೆಗೆ ಸಂಬಂಧಿಸಿದ ಸೂಚಕಗಳಲ್ಲಿ ಸಾಕ್ಷರತೆ, ಶಿಕ್ಷಕರ ಪ್ರಮಾಣ, ಶಾಲೆಯ ಹೊರಗುಳಿದ 6ರಿಂದ 14 ವರ್ಷದ ಮಕ್ಕಳು, ಪದವಿ ಕಾಲೇಜಿನ ವಿದ್ಯಾರ್ಥಿಗಳು ಕಾಣಿಸುತ್ತಾರೆ. ಹದಿನಾಲ್ಕು ತುಂಬಿದ ಮಗು ಕಾಲೇಜಿನ ಬಾಗಿಲನ್ನು ಮುಟ್ಟುವವರೆಗೆ ಏನಾಯಿತೆಂಬುದಕ್ಕೆ ಪ್ರತ್ಯೇಕ ಲೆಕ್ಕವಿಲ್ಲ. ಬಡವರ ಮನೆಯ ಹುಡುಗ ಕೂಲಿಗೆ ಹೊರಡುವುದೂ, ಹುಡುಗಿಯ ಓದು ನಿಂತು ಮದುವೆಯ ಮಾತು ಏಳುವುದೂ ಬಹುಮಟ್ಟಿಗೆ ಈ ವಯಸ್ಸಿನಲ್ಲಿಯೇ.

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಜಾರಿಯಲ್ಲಿಯೂ ಇದೇ ಕೊರತೆಯನ್ನು ಗುರುತಿಸಬಹುದು. 2019ರಿಂದ ಕಲ್ಯಾಣ ಕರ್ನಾಟಕವೆನಿಸಿದ ಆ ಪ್ರದೇಶದ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇಕಡ 70 ಸ್ಥಾನಗಳು ಸ್ಥಳೀಯರಿಗೆ ಮೀಸಲಾದುವು. ಇದು ನ್ಯಾಯವೇ ಸರಿ. ಆದರೆ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೆ ಕಡೆಯವಾದುವು. ಹತ್ತನೆಯ ತರಗತಿಯನ್ನೇ ದಾಟದವನಿಗೆ ಈ ಮೀಸಲಾತಿಯಿಂದ ಏನು ಫಲ? ಮಾಳಿಗೆಯಲ್ಲಿ ಎಡೆ ಬಡಿಸಿದ್ದರೂ ಏಣಿಯ ಕೆಳಗಿನ ಮೆಟ್ಟಿಲು ಮುರಿದಿದೆ.

ಓದಿಸಿದ ತರುಣರು ಊರು ಬಿಡುತ್ತಾರೆ, ಕೆರೆ ಕಾಲುವೆಗಳಾದರೆ ಊರಿನಲ್ಲಿಯೇ ಉಳಿಯುತ್ತವೆ ಎಂಬ ಆಕ್ಷೇಪವುಂಟು. ಅದು ನಿಲ್ಲುವಂತಹುದಲ್ಲ. ಓದದವರೂ ಊರು ಬಿಡುತ್ತಿದ್ದಾರೆ. ಹೈದರಾಬಾದು, ಪುಣೆ, ಮುಂಬಯಿಗಳಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ಯಾದಗಿರಿ, ಕಲಬುರಗಿಯ ಕನ್ನಡ ಕೇಳಿಸುತ್ತದೆ. ವಿದ್ಯೆಯಿದ್ದವನಿಗೆ ಹೋಗುವುದೂ ಮರಳುವುದೂ ಅವನ ಆಯ್ಕೆ. ಇಲ್ಲದವನಿಗೆ ಎರಡೂ ಹೊಟ್ಟೆಯ ಆಜ್ಞೆ. ತರುಣರ ಮೇಲೆ ಹಾಕಿದ ಬಂಡವಾಳ ತಾಲ್ಲೂಕಿನ ಗಡಿಯೊಳಗೇ ಫಲಿಸಬೇಕೆಂಬ ಹಟದಿಂದ ಆ ಬಂಡವಾಳವನ್ನೇ ಹಿಡಿದಿಡುವುದು ವಿವೇಕವಲ್ಲ.

ಆದುದರಿಂದ ನಂಜುಂಡಪ್ಪ ಸಮಿತಿಯ ಅಳತೆಗೋಲನ್ನು ಎಸೆಯಬೇಕಾಗಿಲ್ಲ, ಉದ್ದಮಾಡಬೇಕು. 15ರಿಂದ 18 ವರ್ಷದವರಲ್ಲಿ ಎಷ್ಟು ಮಂದಿ ತರಗತಿಯಲ್ಲಿದ್ದಾರೆ, ಎಷ್ಟು ಮಂದಿ ಕಸುಬು ಕಲಿಯುತ್ತಿದ್ದಾರೆ, ಎಷ್ಟು ಮಂದಿ ಇವೆರಡನ್ನೂ ಕಳೆದುಕೊಂಡಿದ್ದಾರೆ ಎಂಬುದನ್ನು ತಾಲ್ಲೂಕುವಾರು ಎಣಿಸಿ, ಅನುದಾನವನ್ನು ಅದಕ್ಕೆ ಕಟ್ಟಬೇಕು. ಆಗಲೇ ಅಭಿವೃದ್ಧಿಯೆಂಬ ಮಾತು ರಸ್ತೆಯನ್ನು ದಾಟಿ ಅದರ ಮೇಲೆ ನಡೆಯುವವನನ್ನು ಮುಟ್ಟೀತು.