ಭಾವಮಾಪನ: ಅಂಶಾಂಕನ ಎಲ್ಲಿ?

ಉಷ್ಣತಾಮಾಪಕವೊಂದು ಕೈಗೆ ಬಂದರೆ ನೀವು ಮೊದಲು ಏನು ಮಾಡುತ್ತೀರಿ? ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡುತ್ತೀರಿ. ಮನೋಚಿಕಿತ್ಸೆಯಲ್ಲಿ ರೋಗಿಯ ಮಾತಿನಿಂದ ದುಃಖ, ಭಯ, ಸಿಟ್ಟುಗಳನ್ನು ಅಂಕಿಗಳಾಗಿಸುವ ಗಣಕ ತಂತ್ರಾಂಶಗಳಿಗೂ ಇದೇ ಪರೀಕ್ಷೆ ಬೇಕು.

ವಿಧಾನ ಹೊಸದಲ್ಲ. ಅಮೆರಿಕದ ಜೇಮ್ಸ್ ಪೆನ್‌ಬೇಕರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಎಲ್‌ಐಡಬ್ಲ್ಯುಸಿ ತಂತ್ರಾಂಶ ಭಾವಸೂಚಕ ಪದಗಳನ್ನು ಎಣಿಸಿ, ಒಟ್ಟು ಮಾತಿನಲ್ಲಿ ಅವುಗಳ ಶೇಕಡಾವಾರು ಹೇಳುತ್ತದೆ. ಇಂದಿನ ನರಜಾಲ ಮಾದರಿಗಳು ಪದದ ಸುತ್ತಲಿನ ಸಂದರ್ಭವನ್ನೂ ಗಣಿಸುತ್ತವೆ. ಆದರೆ ಅವು ಹೇಳಿದ್ದು ಸರಿಯೇ ಎಂದು ತೂಗಲು ಮನುಷ್ಯರು ಗುರುತು ಹಾಕಿಟ್ಟ ವಾಕ್ಯಗಳೇ ಬೇಕು. ಕನ್ನಡದಲ್ಲಿ ಅಂಥವು ಯಾವುವು? 2020ರಲ್ಲಿ ಪ್ರಕಟವಾದ ಕ್ಯಾನ್‌ಸಿಎಂಡಿ ಸಂಗ್ರಹದಲ್ಲಿ 7,671 ಟಿಪ್ಪಣಿಗಳಿವೆ; ಎಲ್ಲವೂ ಯೂಟ್ಯೂಬ್ ವೀಕ್ಷಕರು ಬರೆದವು. ಅವಕ್ಕೂ ವೈದ್ಯರೆದುರು ತಡವರಿಸುವವಳ ಮಾತಿಗೂ ಏನು ಸಂಬಂಧ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಾತನ್ನೇ ತೆಗೆದುಕೊಳ್ಳಿ. ಮಗನನ್ನು ಕಳೆದುಕೊಂಡ ತಾಯಿ ‘ಹೊಟ್ಟಿ ಉರೀತದ’ ಎನ್ನುತ್ತಾಳೆ. ಪುಸ್ತಕದ ಕನ್ನಡ ಕಲಿತ ಯಂತ್ರ ಇದನ್ನು ಮತ್ಸರವೆಂದು ಓದಬಹುದು. ಜಠರದ ತೊಂದರೆಯೆಂದೂ ಓದಬಹುದು. ‘ಬ್ಯಾಸರೇನಿಲ್ರಿ’ ಎಂಬಲ್ಲಿ ನಿಷೇಧ ಪದದ ಬಾಲದಲ್ಲಿದೆ. ತಲೆಯನ್ನಷ್ಟೇ ಹಿಡಿದು ಎಣಿಸಿದರೆ ಲೆಕ್ಕ ತಿರುಗುಮುರುಗು. (ಹಾಗೆ ಹೇಳುತ್ತಲೇ ಅಳುವವರೂ ಇದ್ದಾರೆ, ಆ ಕಣ್ಣೀರು ಲಿಪಿಗೆ ಇಳಿಯುವುದಿಲ್ಲ.) ‘ಜೀವ ಸಾಕಾಗ್ಯಾದ’ ಎಂಬುದು ಕಬ್ಬು ಕಡಿದು ಬಂದವನ ದಣಿವಿರಬಹುದು, ಬದುಕು ಮುಗಿಸುವ ಸೂಚನೆಯೂ ಇರಬಹುದು. ಇಲ್ಲಿ ತಪ್ಪಿದರೆ ಅದು ದಶಮಾಂಶ ಸ್ಥಾನದ ತಪ್ಪಲ್ಲ. ಇದರ ಮೇಲೆ ಆಳಂದದ ಗಡಿಯ ಮರಾಠಿ, ದಖನಿ ಉರ್ದು ಬೆರೆಯುತ್ತವೆ. ಧ್ವನಿಯನ್ನು ಲಿಪಿಗಿಳಿಸುವ ಹಂತದ ದೋಷವೂ ಮುಂದಿನ ಹಂತಕ್ಕೆ ದಾಟುತ್ತದೆ.

ಉಪಯೋಗವೇ ಇಲ್ಲವೆನ್ನಲಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ (14416) ಆಪ್ತಸಲಹೆಗಾರರ ದನಿಯನ್ನು ಹಳ್ಳಿಗೂ ತಲುಪಿಸಿದೆ; ಅಲ್ಲಿ ಕೇಳುವ ಕಿವಿ ಮನುಷ್ಯನದು. ಒಬ್ಬರದೇ ಮಾತು ವಾರದಿಂದ ವಾರಕ್ಕೆ ಹೇಗೆ ಬದಲಾಯಿತೆಂದು ತೋರಿಸುವ ಉಪಕರಣ ಚಿಕಿತ್ಸಕರಿಗೆ ನೆರವಾದೀತು. ಆದರೆ ಒಂದೂರಿನ ಅಳತೆಗೋಲನ್ನು ಇನ್ನೊಂದೂರಿಗೆ ಹಾಗೆಯೇ ಒಯ್ಯುವುದನ್ನು ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ನಾವು ಒಪ್ಪುವುದಿಲ್ಲ, ಇಲ್ಲೇಕೆ ಒಪ್ಪಬೇಕು?

ಶಿಕ್ಷಕರು ತರಗತಿಯಲ್ಲೇ ಪರೀಕ್ಷಿಸಬಹುದು. ಇಂಥ ಇಪ್ಪತ್ತು ವಾಕ್ಯಗಳನ್ನು ಜೇವರ್ಗಿಯ ವಿದ್ಯಾರ್ಥಿಯೊಬ್ಬನಿಗೂ ಮೈಸೂರಿನವನೊಬ್ಬನಿಗೂ ಕೊಟ್ಟು, ಪ್ರತಿಯೊಂದಕ್ಕೂ ಒಂದು ಭಾವದ ಹೆಸರು ಬರೆಸಿ. ಬಳಿಕ ಕೊಹೆನ್ ಅವರ ಕಪ್ಪಾ ಗುಣಾಂಕ ಲೆಕ್ಕ ಹಾಕಿ: ಪೂರ್ಣ ಸಹಮತವಿದ್ದರೆ 1, ಆಕಸ್ಮಿಕವಾಗಿ ಹೊಂದುವಷ್ಟೇ ಹೊಂದಿದರೆ 0. ಯಂತ್ರದ ಉತ್ತರವನ್ನು ಆಮೇಲೆ ಅವೆರಡರ ಪಕ್ಕದಲ್ಲಿ ಬರೆಯಿರಿ.