ಕೆರೆಯ ಏರಿ ಒಡೆಯುವವರಿಲ್ಲ, ಗುಡಿಯನ್ನೇಕೆ?

ಭರಮಸಾಗರದ ಕೆರೆಗೆ ಮೂರು ಶತಮಾನ ತುಂಬಿದೆ. ಚಿತ್ರದುರ್ಗದ ಪಾಳೆಯಗಾರ ಬಿಚ್ಚುಗತ್ತಿ ಭರಮಣ್ಣ ನಾಯಕ (ಆಳ್ವಿಕೆ 1689–1721) ಕಟ್ಟಿಸಿದ ಕೆರೆ ಅದು. ಊರಿಗೆ ಹೆಸರು ಬಂದದ್ದೂ ಅವನಿಂದಲೇ. ಬಹುಕಾಲ ಬರಿದಾಗಿದ್ದ ಆ ಕೆರೆಗೆ 2021ರಲ್ಲಿ ತುಂಗಭದ್ರೆಯ ನೀರು ಏತ ನೀರಾವರಿಯಲ್ಲಿ ಹರಿದು ಬಂತು. ನಾಯಕನ ಕಾಲದ ಏರಿ ಹಳತಾಯಿತು, ಕಿತ್ತುಹಾಕಿ ಹೊಸದು ಕಟ್ಟೋಣ ಎಂದು ಆಗ ಯಾರೂ ಹಟ ಹಿಡಿಯಲಿಲ್ಲ. ಕೆರೆಯ ವಿಷಯದಲ್ಲಿ ನಮ್ಮ ರೈತರ ಲೆಕ್ಕ ಸ್ಪಷ್ಟ: ಹೂಳು ಎತ್ತು, ತೂಬು ಸರಿಮಾಡು, ಏರಿಯ ಬಿರುಕು ಮುಚ್ಚು. ಇದ್ದುದನ್ನು ಇದ್ದಲ್ಲೇ ದುಡಿಸಿಕೊಳ್ಳಬೇಕು.

ಕೆರೆಗಳಷ್ಟೇ ಗುಡಿಗಳನ್ನೂ ಕಟ್ಟಿಸಿದವನೆಂದು ಭರಮಣ್ಣ ನಾಯಕನಿಗೆ ಹೆಸರಿದೆ. ಆದರೆ ಗುಡಿಯ ಮಾತು ಬಂದೊಡನೆ ಇದೇ ಜನರ ಲೆಕ್ಕ ತಲೆಕೆಳಗಾಗುತ್ತದೆ. ಸಮಿತಿ ಆಗುತ್ತದೆ, ರಸೀದಿ ಪುಸ್ತಕ ಅಚ್ಚಾಗುತ್ತದೆ, ಜೆಸಿಬಿ ಬರುತ್ತದೆ. ಕಗ್ಗಲ್ಲಿನ ಕಂಬಗಳು ಊರ ಹೊರಗಿನ ಹಳ್ಳಕ್ಕೆ ಬೀಳುತ್ತವೆ. ವರ್ಷ ಕಳೆಯುವುದರೊಳಗೆ ಕಾಂಕ್ರೀಟಿನ ಗೋಪುರ, ನುಣುಪು ಗ್ರಾನೈಟ್ ನೆಲ, ಸ್ಟೀಲ್ ಕಟಕಟೆ. ಇದಕ್ಕೆ ನಾವಿಟ್ಟ ಹೆಸರು ಜೀರ್ಣೋದ್ಧಾರ. ಜೀರ್ಣವಾದದ್ದು ಇಲ್ಲಿ ಉದ್ಧಾರವಾಗುವುದಿಲ್ಲ, ನಾಪತ್ತೆಯಾಗುತ್ತದೆ.

ದುರ್ಗದ ಸೀಮೆಯ ಗುಡಿಗಳಿಗೆ ಬೇಲೂರಿನ ಕುಸುರಿ ಇಲ್ಲ. ಚೌಕ ಕಂಬ, ತಗ್ಗು ಚಾವಣಿ, ಇಟ್ಟಿಗೆ ಗಾರೆಯ ಶಿಖರ, ಅಲ್ಲೊಂದು ಹಾವು, ಇಲ್ಲೊಂದು ಮೀನು. ‘ಇದರಲ್ಲೇನು ಶಿಲ್ಪ ಇದೆ?’ ಎಂಬ ಪ್ರಶ್ನೆಯಿಂದಲೇ ಕೆಡವುವ ವಾದ ಶುರುವಾಗುತ್ತದೆ. ಈ ಗುಡಿಗಳ ಬೆಲೆ ಕೆತ್ತನೆಯಲ್ಲಿ ಮಾತ್ರ ಇಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಭೈರವೇಶ್ವರನ ಗುಡಿಯ ಪಕ್ಕದ ಬಂಡೆಯನ್ನೇ ನೋಡಿ. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿ ಅದರ ಮೇಲಿದೆ, 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಕರ್ನಾಟಕದ ಮೊದಲ ರಾಜಮನೆತನಗಳಲ್ಲೊಂದರ ಸಾಕ್ಷ್ಯ ಉಳಿದಿರುವುದು ಕೆತ್ತನೆಯೇ ಇಲ್ಲದ ಒಂದು ಗುಂಡಿನ ಮೇಲೆ. ಶಾಸನತಜ್ಞ ಬಿ.ಎಲ್. ರೈಸ್ 1903ರಲ್ಲಿ ಈ ಜಿಲ್ಲೆಯ ಶಾಸನಗಳಿಗಾಗಿಯೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ತಂದರು. ಅದರಲ್ಲಿ ಎಷ್ಟೋ ಬರಹಗಳ ವಿಳಾಸ ‘ಇಂಥ ಗುಡಿಯ ಮುಂದಿನ ಕಲ್ಲು’ ಎಂದೇ ಇರುತ್ತದೆ. ಗುಡಿ ಹೋದರೆ ವಿಳಾಸವೂ ಹೋಯಿತು.

ಹೊಳಲ್ಕೆರೆಯ ಬಯಲು ಗಣಪತಿ ಇನ್ನೊಂದು ಬಗೆಯ ಪಾಠ. 1475ರಲ್ಲಿ ಗುಲಿಗಪ್ಪ ನಾಯಕ ನಿಲ್ಲಿಸಿದನೆನ್ನುವ ಈ ಎತ್ತರದ ಮೂರ್ತಿಗೆ ಬಯಲೇ ಗರ್ಭಗುಡಿ. ಏನನ್ನೂ ಕಟ್ಟದಿರುವುದೂ ಒಂದು ಪರಂಪರೆ ಆಗಬಲ್ಲದು. ಹಿರಿಯೂರಿನ ತೇರು ಮಲ್ಲೇಶ್ವರದಲ್ಲಿ ಆಸ್ತಿ ಇರುವುದು ತಲೆಯ ಮೇಲೆ: ಮುಖಮಂಟಪದ ಚಾವಣಿಗೆ ಬರೆದ ಪುರಾಣದ ಚಿತ್ರಗಳು. ಅಂಥಲ್ಲಿ ಹಬ್ಬಕ್ಕೆಂದು ಹೊಡೆಯುವ ಒಂದು ಕೈ ಬಣ್ಣ ಸಾಕು, ಶತಮಾನಗಳು ಮುಚ್ಚಿಹೋಗಲು.

ಹಾಗಾದರೆ ಸರ್ಕಾರದ ಸಂರಕ್ಷಣೆಯೇ ಉತ್ತರವೇ? ಪೂರ್ತಿ ಅಲ್ಲ. ಚಿತ್ರದುರ್ಗದ ಕೋಟೆಯೊಳಗಿನ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ ಗುಡಿಗಳ ಕಲ್ಲು ಉಳಿದಿರುವುದಕ್ಕೆ ಪುರಾತತ್ವ ಇಲಾಖೆಗೆ ಋಣಿಯಾಗಿರಬೇಕು. ಆದರೆ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ 100 ಮೀಟರ್ ನಿರ್ಮಾಣ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಣ ಹಳ್ಳಿಯವರ ಕಿವಿಗೆ ಬೆದರಿಕೆಯಾಗಿಯೇ ಬಿದ್ದಿದೆ. ‘ಬೋರ್ಡು ನೆಟ್ಟರೆ ನಮ್ಮ ದೇವರು ನಮಗಿಲ್ಲ’ ಎಂಬ ಭಯಕ್ಕೇ ಎಷ್ಟೋ ಕಡೆ ಜನ ಇಲಾಖೆಯನ್ನು ಕರೆಯುವುದಿಲ್ಲ. ಕಾಯ್ದೆಗೆ ಕಾಣುವುದೂ ಕಟ್ಟಡ ಮಾತ್ರ. ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಬರಗೇರಮ್ಮ, ತಿಪ್ಪಿನಘಟ್ಟಮ್ಮ ಎಂಬ ಅಕ್ಕ ತಂಗಿ ದೇವತೆಯರು ವರ್ಷಕ್ಕೊಮ್ಮೆ ಭೇಟಿಯಾಗುತ್ತಾರೆ. ಅಂದು ಬೀದಿಯೇ ದೇವಸ್ಥಾನ. ಸ್ಮಾರಕಗಳ ಕಾಯ್ದೆಯ ಕಣ್ಣಿಗೆ ಅದು ಬರೀ ರಸ್ತೆ.

ಕೆಡವುವವರದೂ ಒಂದು ವಾದವಿದೆ. ಗುಡಿಯನ್ನು ಹೊಸದು ಮಾಡುವುದು ನಮ್ಮ ಸಂಪ್ರದಾಯವೇ, ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಮರಳಿ ಕಟ್ಟುವುದಿಲ್ಲವೇ ಎನ್ನುತ್ತಾರೆ. ನಿಜ. ಆದರೆ ಅಲ್ಲಿ ಅದೇ ಜಾತಿಯ ಮರ, ಅದೇ ಅಳತೆ, ಅದೇ ಜೋಡಣೆ. ಕಟ್ಟಡ ಹೊಸದಾದರೂ ಬಡಗಿಯ ವಿದ್ಯೆ ಹಳೆಯದೇ. ನಮ್ಮಲ್ಲಿ ಕಟ್ಟಡದ ಜೊತೆಗೆ ವಿದ್ಯೆಯೂ ಹೋಗುತ್ತಿದೆ. ಸುಣ್ಣದ ಗಾರೆ ಅರೆಯುವವರು ಸಿಗುವುದಿಲ್ಲವೆಂದು ಸಿಮೆಂಟು ಬಳಿಯುತ್ತೇವೆ. ಅದು ಒಳಗಿನ ತೇವವನ್ನು ಹೊರಬಿಡದೆ ಕಲ್ಲನ್ನೂ ಗಾರೆಯನ್ನೂ ತಿನ್ನುತ್ತದೆ. ಆಯಿಲ್ ಪೇಂಟ್ ಮಾಡುವುದೂ ಅದನ್ನೇ. ನೆಲಕ್ಕೆ ಗ್ರಾನೈಟ್ ಹಾಸಿದರೆ ಅಧಿಷ್ಠಾನದ (ಗುಡಿಯ ಪೀಠದ) ಪಟ್ಟಿಕೆಗಳು, ಕೆಲವೊಮ್ಮೆ ಶಾಸನಗಳೇ, ಹೂತುಹೋಗುತ್ತವೆ.

ಅಜ್ಞಾನಕ್ಕಿಂತ ದೊಡ್ಡ ಕಾರಣ ಹಣದ ದಾರಿ. ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ‘ಸಿ’ ದರ್ಜೆಯ ಮುಜರಾಯಿ ಗುಡಿಗೆ ಸೋರುವ ಚಾವಣಿ ಸರಿಮಾಡಲು ಹಣವಿಲ್ಲ. ಸೋರಿಕೆ ನಿಲ್ಲಿಸಿದವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದೂ ಇಲ್ಲ. ಹೊಸ ಗೋಪುರಕ್ಕಾದರೆ ದಾನಿಗಳ ಪಟ್ಟಿ, ಶಾಸಕರ ಅನುದಾನ, ಕುಂಭಾಭಿಷೇಕದ ಫ್ಲೆಕ್ಸ್ ಎಲ್ಲವೂ ಸಿದ್ಧ. ಬೇರೆ ದಾರಿ ಇಲ್ಲದಿಲ್ಲ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್, ರಾಜ್ಯದ ಪುರಾತತ್ವ ಇಲಾಖೆ ಮತ್ತು ಊರವರು ಖರ್ಚು ಹಂಚಿಕೊಂಡು ರಾಜ್ಯದ ಎಷ್ಟೋ ಹಳೆಯ ಗುಡಿಗಳ ಕಲ್ಲುಗಳಿಗೆ ಅಂಕಿ ಹಾಕಿ ಬಿಚ್ಚಿ, ಅವನ್ನೇ ಮತ್ತೆ ಜೋಡಿಸಿದ್ದಾರೆ. ಪೂಜೆಯೂ ಉಳಿದಿದೆ, ಗುಡಿಯೂ ಉಳಿದಿದೆ.

ಆದ್ದರಿಂದ ಜೀರ್ಣೋದ್ಧಾರವನ್ನು ಅಳೆಯುವ ಕೋಲನ್ನೇ ಬದಲಿಸಬೇಕು. ಭರಮಸಾಗರದ ಹೋಬಳಿಯಲ್ಲಾಗಲಿ ಹೊಸದುರ್ಗದ ಮೂಲೆಯಲ್ಲಾಗಲಿ, ಸಮಿತಿಯವರು ಎಷ್ಟು ಲಕ್ಷ ಕೂಡಿತು, ಗೋಪುರ ಎಷ್ಟು ಅಡಿ ಎಂದು ಕರಪತ್ರದಲ್ಲಿ ಹಾಕುತ್ತಾರೆ. ಅದೇ ಕರಪತ್ರದಲ್ಲಿ ಹಳೆಯ ಕಂಬ ಎಷ್ಟಿದ್ದವು, ಎಷ್ಟು ಉಳಿದವು, ಶಾಸನದ ಕಲ್ಲು ಈಗ ಎಲ್ಲಿದೆ ಎಂಬ ಮೂರು ಸಾಲನ್ನೂ ಅಚ್ಚು ಹಾಕಲಿ. ಆ ಮೂರು ಸಾಲು ಬರೆಯಲು ಹಿಂಜರಿಯುವ ಸಮಿತಿಗೆ ಊರವರು ವಂತಿಗೆ ಕೊಡುವುದನ್ನು ನಿಲ್ಲಿಸಲಿ.